ಕಡಲೆ ಲೆಕ್ಕ

ವಿನ್ನಿಪೆಗ್‌ನ ಜನವರಿ. ರೆಪ್ಪೆಗೆ ರೆಪ್ಪೆ ಅಂಟುವ ಚಳಿ.
ಏಳಕ್ಕೆ ನಾನು ಮಾಲಿನ ಉತ್ತರದ ಬಾಗಿಲು ತೆರೆಯುತ್ತೇನೆ.
ಅಂಗಡಿಗಳು ಕಣ್ಣು ಬಿಡುವುದು ಹತ್ತಕ್ಕೆ.
ನಡುವಿನ ಮೂರು ತಾಸು ಯಾರದ್ದೂ ಅಲ್ಲ
ಎಂದುಕೊಂಡಿದ್ದೆ, ಇವರು ಬರುವ ತನಕ.

ಹಿಮದ ಬೂಟು ಬಿಚ್ಚಿ ಗೋಡೆಗೆ ಸಾಲಾಗಿಟ್ಟು
ಪ್ಲಾಸ್ಟಿಕ್ ಚೀಲದಿಂದ ಮೆತ್ತನೆ ಶೂ ತೆಗೆಯುತ್ತಾರೆ.
ಪುರಿಂಗ್, ಮೂವತ್ತೊಂದು ವರ್ಷ ಪ್ಯಾಂಟಿಗೆ ಜಿಪ್ಪು ಹೊಲಿದವಳು;
ಕಾರ್ಖಾನೆ ಮುಚ್ಚಿದರೂ ಜಿಪ್ಪು ಕನಸಿನಲ್ಲಿ ಸಿಕ್ಕಿಕೊಳ್ಳುತ್ತದಂತೆ.
ಲಾವೋಸಿನ ಬೂನ್‌ಮಿ, ರಾತ್ರಿ ನದಿ ಈಜಿ ಗಡಿ ದಾಟಿದವನು,
ಎಸ್ಕಲೇಟರಿಗೆ ಹೆದರುತ್ತಾನೆ.
ಬೊಹ್ದಾನನಿಗೆ ಎಡಗಿವಿ ಕೇಳದು;
ಹಿಡಿಸದ ಮಾತಿಗೆ ಅದನ್ನೇ ಕೊಡುತ್ತಾನೆ.
ಕೊನೆಗೆ ಲೆತೆಬ್ರಹಾನ್, ಅಸ್ಮಾರಾದವಳು,
ದಪ್ಪ ಕೋಟಿನ ಮೇಲೆ ಬಿಳಿ ನೂಲಿನ ಹೊದಿಕೆ,
ಎಡ ಜೇಬಿನಲ್ಲಿ ಹನ್ನೆರಡು ಕಡಲೆ.

ಶೂ ಅಂಗಡಿಯಿಂದ ಔಷಧಿ ಅಂಗಡಿ,
ಮೇಜಿನ ಮೇಲೆ ಕುರ್ಚಿಗಳು ತಲೆಕೆಳಗಾಗಿ ಮಲಗಿದ ಊಟದ ಅಂಗಳ,
ಮತ್ತೆ ಶೂ ಅಂಗಡಿ. ಒಂದು ಸುತ್ತು.
ಒಂದು ಕಡಲೆ ಎಡದಿಂದ ಬಲಕ್ಕೆ.
ಮಾತು ಅರೆಬರೆ. ಒಬ್ಬರ ಇಂಗ್ಲಿಷಿಗೆ
ಇನ್ನೊಬ್ಬರ ಇಂಗ್ಲಿಷ್ ಪರದೇಶಿ.
ಮಂಡಿ, ಶುಗರ್, ಬೀಪಿ, ಈ ಮೂರಕ್ಕೆ ಮಾತ್ರ
ದುಭಾಷಿ ಬೇಡ.

ಯೂನಿವರ್ಸಿಟಿ ಹುಡುಗಿಯೊಬ್ಬಳು ಫಾರಂ ಹಿಡಿದು ಬಂದಿದ್ದಳು:
ವಾರದಲ್ಲಿ ಎಷ್ಟು ಜನರೊಡನೆ ಮಾತಾಡುತ್ತೀರಿ?
‘ಜಗಳ ಸೇರಿಸಿಯೋ, ಬಿಟ್ಟೋ?’ ಎಂದಳು ಲೆತೆಬ್ರಹಾನ್.
ಫಾರಮ್ಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ.

ಆಮೇಲೆ ಮೂರು ದಿನ ಅವಳಿಲ್ಲ.
ಒಂಬತ್ತು ಸುತ್ತು, ಎಂದ ಬೊಹ್ದಾನ್. ಏಳೇ, ಎಂದಳು ಪುರಿಂಗ್.
ಬೂನ್‌ಮಿ ಬೆರಳು ಮಡಿಸುತ್ತ ಮಡಿಸುತ್ತ
ನಡೆಯುವುದನ್ನೇ ಮರೆತು ನಿಂತ.
ಫೋನು ಯಾರೂ ಎತ್ತಲಿಲ್ಲ.
ಗೊತ್ತಿದ್ದದ್ದು ಇಷ್ಟೇ: ಅವಳು ಇಳಿಯುವ ಬಸ್ ನಿಲ್ದಾಣ,
ಅದರೆದುರಿನ ಇಟ್ಟಿಗೆ ಕಟ್ಟಡ.
ನಾಲ್ಕನೆಯ ದಿನ ಮೂವರೂ ಬೂಟು ಬಿಚ್ಚದೆ ತಿರುಗಿದರು.
ನನಗೆ ಬಾಗಿಲು ಕಾಯುವುದಿತ್ತು.

ಮುಂದಿನದು ಪುರಿಂಗ್ ಹೇಳಿದ್ದು, ಬಾಯಲ್ಲಿ ಅರ್ಧ, ಕೈಯಲ್ಲಿ ಅರ್ಧ.
ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.
ಬಿಳಿ ಹೊದಿಕೆ ಮೂಗಿನವರೆಗೆ.
ಕಟ್ಟಿಸಿದ ಹಲ್ಲು ಎರಡು ತುಂಡಾಗಿತ್ತು; ಹೊಸದಕ್ಕೆ ಎರಡು ವಾರ.
‘ಹೇಗೆ ಬರಲಿ? ನೀವು ನಗಿಸುತ್ತೀರಿ.’
ಜೇಬಿನಲ್ಲಿ ಕಡಲೆ ಇತ್ತು. ಹಲ್ಲಿರಲಿಲ್ಲ.
ಬೊಹ್ದಾನ್ ಏನೂ ಅನ್ನಲಿಲ್ಲ.
ಕೈಗವಸು ಕಳಚಿದ. ಮೇಲಿನ ಸಾಲು ತೆಗೆದ, ಕೆಳಗಿನದೂ ತೆಗೆದ,
ಅಂಗೈಯಲ್ಲಿಟ್ಟುಕೊಂಡು ಬೊಚ್ಚುಬಾಯಿ ಅಗಲಿಸಿ ನಿಂತ,
ಬಹುಮಾನ ಗೆದ್ದು ತಂದ ಹುಡುಗನ ಹಾಗೆ.

ಅಂದು ಅವರು ನಡೆದದ್ದು ಮೂರನೇ ಮಹಡಿಯ ಓಣಿಯಲ್ಲಿ,
ಲಿಫ್ಟಿನಿಂದ ತುದಿಯ ಕಿಟಕಿಯವರೆಗೆ.
ಯಾರದೋ ಈರುಳ್ಳಿ ಹುರಿದ ವಾಸನೆ, ಯಾರದೋ ಟೀವಿ.
ಒಂದೊಂದೇ ಬಾಗಿಲು ಬಿರಿಯಿತು; ಮೊದಲು ಕಣ್ಣು, ಆಮೇಲೆ ಮುಖ.
ಐದನೇ ಸುತ್ತಿಗೆ ೩೧೪ರ ಅಜ್ಜಿ, ಹೆಸರೂ ಹೇಳದೆ,
ಮನೆ ಚಪ್ಪಲಿಯಲ್ಲೇ ಸೇರಿಕೊಂಡಳು.
ಹನ್ನೊಂದು ವರ್ಷದಿಂದ ಪಕ್ಕದ ಮನೆಯವಳಂತೆ.

ಈಗ ಗೋಡೆಗೆ ಐದು ಜೊತೆ ಬೂಟು.
ಕೆಳಗೆ ಐದು ಪುಟ್ಟ ಕೆರೆ; ಒರೆಸುವ ಕೆಲಸವೂ ನನ್ನದೇ.
ಬೀಗದ ಕೈ ಒಪ್ಪಿಸಲು ನನಗಿನ್ನು ಮೂರು ಚಳಿಗಾಲ.
ಒಂದು ಜೊತೆ ಮೆತ್ತನೆ ಶೂ ನೋಡಿಟ್ಟಿದ್ದೇನೆ.

ಇವತ್ತು ಕೊನೆಗೆ ಬಲ ಜೇಬಿನಲ್ಲಿ ಹನ್ನೊಂದೇ ಕಡಲೆ.
ಹೊಸ ಹಲ್ಲಿನ ಲೆತೆಬ್ರಹಾನ್ ಬೆಂಚಿನ ಕೆಳಗೆಲ್ಲ ಬಗ್ಗಿ ಹುಡುಕಿದಳು.
ಲೆಕ್ಕವೆಂದರೆ ಲೆಕ್ಕ, ಇನ್ನೊಂದು ಸುತ್ತು ಬಾಕಿ, ಎಂದಳು.
ಬೊಹ್ದಾನ್ ಎಡಗಿವಿ ಕೊಟ್ಟ. ಆದರೂ ಎದ್ದ.

ನನ್ನ ಬೂಟಿನಡಿ ಏನೋ ಗುಂಡಗೆ ಒತ್ತುತ್ತಿತ್ತು.
ನಾನು ಕಾಲೆತ್ತಲಿಲ್ಲ.